ಕೆರೆ, ಮಿಲ್ಲು, ಹಿತ್ತಾಳೆ ಬಿಲ್ಲೆ: ದಾವಣಗೆರೆ ಓದುಗರ ಪ್ರಶ್ನೆಗಳಿಗೆ ಉತ್ತರ

ಊರಿನ ಬಗ್ಗೆ ಬಂದ ಪತ್ರಗಳನ್ನೆಲ್ಲ ಸಂಪಾದಕರು ಈ ಸಲ ನನ್ನ ಕೈಗೆ ಕೊಟ್ಟಿದ್ದಾರೆ. ನಾನು 1972ರಲ್ಲಿ ಇದೇ ದಾವಣಗೆರೆಯ ಒಂದು ಹತ್ತಿ ಮಿಲ್ಲಿಗೆ ಬದಲಿ ಕೆಲಸಗಾರನಾಗಿ ಸೇರಿದವನು. 1995ರಲ್ಲಿ ಗೇಟು ಮುಚ್ಚುವವರೆಗೂ ರಿಂಗ್ ಫ್ರೇಮ್ ಅನ್ನುವ ನೂಲುವ ಯಂತ್ರದಲ್ಲಿ ನೂಲು ತೆಗೆದೆ. ನನಗಿಂತ ಮುಂಚೆ ನಮ್ಮವ್ವ ಅದೇ ಮಿಲ್ಲಿನಲ್ಲಿ ನೂಲಿನ ಲಡಿ ಸುತ್ತುವ ರೀಲಿಂಗ್‌ನಲ್ಲಿದ್ದಳು. ಕಣ್ಣಾರೆ ಕಂಡದ್ದನ್ನು ಮತ್ತು ನಂಬಿಕೆಯಿಂದ ಹೇಳಬಹುದಾದದ್ದನ್ನು ಬರೆಯುತ್ತೇನೆ.

ಪ್ರಶ್ನೆ: ಅಜ್ಜಾರೆ, ನಾವು ಹೋದ ವರ್ಷ ಕುಂದುವಾಡ ಕೆರೆ ಹತ್ತಿರ ಮನೆ ಮಾಡಿಕೊಂಡು ಬಂದೆವು. ನಾನು ಹುಟ್ಟಿ ಬೆಳೆದದ್ದು ಬೆಂಗಳೂರು. ಇಲ್ಲಿ ಆಟೋದವರು ‘ಡಿಸಿಎಂ’, ‘ಆಂಜನೇಯ ಮಿಲ್’ ಅನ್ನುತ್ತಾರೆ. ಹೋಗಿ ನೋಡಿದರೆ ಬರೀ ಮನೆಗಳು. ಇಷ್ಟು ಬಿಸಿಲಿನ ಊರಿಗೆ ಮಿಲ್ಲು ಯಾಕೆ ಬಂದವು? ಎಲ್ಲಿ ಹೋದವು? ಕೆರೆಗೂ ಮಿಲ್ಲಿಗೂ ಏನಾದರೂ ಸಂಬಂಧ ಇತ್ತಾ?
— ಕುಂದುವಾಡ ರಸ್ತೆಯ ಓದುಗರು

ಉತ್ತರ: ಮಗಳೇ, ನಿಮ್ಮ ಮೂರೂ ಪ್ರಶ್ನೆ ನನಗೆ ತುಂಬಾ ಹಿಡಿಸಿದವು. ಕೆರೆಯಿಂದಲೇ ಶುರು ಮಾಡೋಣ.

ನೀವು ಬೆಳಿಗ್ಗೆ ಸುತ್ತು ಹಾಕುವ ಕೆರೆಯಲ್ಲಿ ಇರುವುದು ಭದ್ರಾ ನೀರು. ಲಕ್ಕವಳ್ಳಿಯ ಹತ್ತಿರದ ಡ್ಯಾಮಿನಿಂದ ನಾಲೆಯಲ್ಲಿ ಹರಿದು ಬರುತ್ತದೆ. ನಾಲೆಯಲ್ಲಿ ನೀರು ಬಿಟ್ಟಾಗ ಕೆರೆ ತುಂಬಿಸಿಕೊಳ್ಳುತ್ತಾರೆ. ನಾಲೆ ನಿಂತಾಗ ಊರು ಅದನ್ನೇ ಕುಡಿಯುತ್ತದೆ. ಟಿ.ವಿ. ಸ್ಟೇಷನ್ ಕೆರೆಯದೂ ಇದೇ ಕೆಲಸ. ಇದರ ಜೊತೆಗೆ ಹರಿಹರದ ಕಡೆ ರಾಜನಹಳ್ಳಿಯಿಂದ ತುಂಗಭದ್ರೆಯ ನೀರನ್ನೂ ಪಂಪ್ ಮಾಡುತ್ತಾರೆ. ಮಳೆಗಾಲದಲ್ಲಿ ನಮ್ಮೂರಿನವರು ಪೇಪರ್ ತೆಗೆದ ಕೂಡಲೇ ನೋಡುವುದು ಭದ್ರಾ ಡ್ಯಾಮಿನ ಮಟ್ಟ. 186 ಅಡಿ ಅಂದರೆ ತುಂಬಿತು ಅಂತ ಲೆಕ್ಕ. ನೀವೂ ಇನ್ನೊಂದು ವರ್ಷದಲ್ಲಿ ನೋಡಲು ಶುರು ಮಾಡುತ್ತೀರಿ.

ಈಗ ಮಿಲ್ಲಿನ ವಿಷಯ. ಜಗಳೂರು, ಹರಪನಹಳ್ಳಿ, ರಾಣೆಬೆನ್ನೂರು, ನಮ್ಮ ಸುತ್ತಲಿನ ಎರೆ ಭೂಮಿ ಹತ್ತಿಗೆ ಹೇಳಿ ಮಾಡಿಸಿದ್ದು. ಹತ್ತಿ ಗಾಡಿಗಳು ದಾವಣಗೆರೆ ಮಂಡಿಗೆ ಬರುತ್ತಿದ್ದವು. ಬೆಂಗಳೂರು–ಹುಬ್ಬಳ್ಳಿ ರೈಲು ದಾರಿ ಊರೊಳಗೇ ಹಾಯುತ್ತದೆ. ಪುಣೆ–ಬೆಂಗಳೂರು ರಸ್ತೆಯೂ ಅಷ್ಟೇ, ನಾವು ಪಿ.ಬಿ. ರಸ್ತೆ ಅನ್ನುತ್ತೇವೆ. ಮಾಲು ಇತ್ತು, ದಾರಿ ಇತ್ತು, ದುಡ್ಡು ಹಾಕುವ ವ್ಯಾಪಾರಿಗಳೂ ಇದ್ದರು. 1936ರಲ್ಲಿ ರಾಜನಹಳ್ಳಿ ಹನುಮಂತಪ್ಪನವರು ಇಲ್ಲಿ ಮೊದಲ ಹತ್ತಿ ಮಿಲ್ಲು ಕಟ್ಟಿದರು. ಆಮೇಲೆ ಒಂದರ ಹಿಂದೆ ಒಂದು ಬಂದವು. ‘ಕರ್ನಾಟಕದ ಮ್ಯಾಂಚೆಸ್ಟರ್’ ಅನ್ನುವ ಹೆಸರು ಬಂದದ್ದು ಹಾಗೆ. ಆಗ ನಾವು ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲಿದ್ದೆವು. ದಾವಣಗೆರೆಯೇ ಜಿಲ್ಲೆ ಆದದ್ದು 1997ರಲ್ಲಿ.

ಬಿಸಿಲಿನ ಊರು ಅಂದಿರಿ. ಅದು ಸರಿಯಾದ ಪ್ರಶ್ನೆ. ಹತ್ತಿ ಎಳೆಗೆ ತೇವ ಬೇಕು. ಗಾಳಿ ಒಣಗಿದರೆ ಎಳೆ ಗಡುಸಾಗಿ ಪಟಪಟ ಕಡಿಯುತ್ತದೆ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಹಾಗೇ ಬಿಟ್ಟರೆ ಒಂದು ಗಂಟೆ ಫ್ರೇಮ್ ಓಡಿಸಲು ಆಗುತ್ತಿರಲಿಲ್ಲ. ಅದಕ್ಕೆ ಒಳಗೆ ನೀರನ್ನು ಸಣ್ಣ ಹನಿ ಮಾಡಿ, ಆ ತಂಪು ಗಾಳಿಯನ್ನು ಫ್ಯಾನಿನಿಂದ ಇಡೀ ಹಾಲಿಗೆ ತುಂಬುತ್ತಿದ್ದರು. ಹೊರಗೆ ರಣಬಿಸಿಲು, ಒಳಗೆ ಮಳೆಗಾಲದ ಸೆಕೆ. ಅಂಗಿ ಬೆನ್ನಿಗೆ ಅಂಟಿಕೊಂಡಿರುತ್ತಿತ್ತು. ಮೈಗೆಲ್ಲ ಅರಳೆಯ ಧೂಳು. ಹುಬ್ಬು, ರೆಪ್ಪೆ, ಕಿವಿಯ ಮೇಲಿನ ಕೂದಲು ಎಲ್ಲ ಬೆಳ್ಳಗೆ. ಇಪ್ಪತ್ತರ ಹುಡುಗರು ಪಾಳಿ ಮುಗಿಸಿ ಹೊರಗೆ ಬಂದರೆ ಅರವತ್ತರ ಮುದುಕರ ಹಾಗೆ ಕಾಣುತ್ತಿದ್ದರು. ಹಾಗಾಗಿ ಮಿಲ್ಲಿಗೆ ಹತ್ತಿಯಷ್ಟೇ ನೀರೂ ಬೇಕಿತ್ತು ಮಗಳೇ. ಕೆರೆಗೂ ಮಿಲ್ಲಿಗೂ ಸಂಬಂಧ ಏನು ಅಂದಿರಲ್ಲ, ನೀರಿಲ್ಲದೆ ನೂಲಿಲ್ಲ ಅನ್ನುವುದೇ ಅದು.

ನನ್ನ ಕೆಲಸ ಏನಿತ್ತು ಅಂತ ಹೇಳುತ್ತೇನೆ. ನಾನು ನೋಡುತ್ತಿದ್ದ ಒಂದು ಫ್ರೇಮಿಗೆ ಎರಡೂ ಬದಿ ಸೇರಿ 400 ಸ್ಪಿಂಡಲ್, ಅಂದರೆ ನೂಲು ಸುತ್ತಿಕೊಳ್ಳುವ ಕದಿರು. ಒಂದೊಂದೂ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ. ಬದಿಯ ಉದ್ದಕ್ಕೂ ನಡೆಯುತ್ತಾ ಇರಬೇಕು, ಕಡಿದ ಎಳೆ ಕೂಡಿಸುತ್ತಾ ಇರಬೇಕು. ಒಂದು ಕೈಯಿಂದ ಸ್ಪಿಂಡಲ್ ನಿಲ್ಲಿಸಿ, ನೂಲು ಸುತ್ತಿದ ಕೊಳವೆ, ಅಂದರೆ ಬಾಬಿನ್ ಎತ್ತಿ, ಸುತ್ತಿದ ನೂಲಿನ ತುದಿ ಹುಡುಕಬೇಕು. ರಿಂಗಿನ ಮೇಲೆ ಟ್ರಾವೆಲರ್ ಅಂತ ಉಗುರಿಗಿಂತ ಚಿಕ್ಕ ಉಕ್ಕಿನ ಕೊಂಡಿ ಇರುತ್ತದೆ. ತುದಿಯನ್ನು ಅದರೊಳಗೆ ಸಿಕ್ಕಿಸಿ, ಮೇಲಿನ ಕೊಕ್ಕೆಯಲ್ಲಿ ಹಾಯಿಸಿ, ರೋಲರಿನಿಂದ ಇಳಿಯುತ್ತಿರುವ ಹತ್ತಿಯ ಎಳೆಗೆ ಬೆರಳಿನಿಂದ ಸುಮ್ನೆ ಮುಟ್ಟಿಸಿ ಬಿಡಬೇಕು. ಹಿಡಿದುಕೊಳ್ಳುತ್ತದೆ. ಗಂಟು ಹಾಕುವ ಹಾಗಿಲ್ಲ. ಹೊಸಬರಿಗೆ ಇದು ಕೈಗೆ ಹತ್ತಲು ತಿಂಗಳುಗಟ್ಟಲೆ ಬೇಕು. ಹತ್ತಿದ ಮೇಲೆ ನಾಲ್ಕು ಸೆಕೆಂಡು ಸಾಕು. ನನಗೆ ಈಗಲೂ ಹೆಬ್ಬೆರಳು, ತೋರುಬೆರಳು ತಾವಾಗಿಯೇ ತಿಕ್ಕಿಕೊಳ್ಳುತ್ತವೆ. ಟಿ.ವಿ. ನೋಡುವಾಗ ಮೊಮ್ಮಗಳು ಹಿಡಿದು ನಿಲ್ಲಿಸುತ್ತಾಳೆ.

ನಮ್ಮವ್ವನದು ಲಡಿ ಸುತ್ತುವ ಕೆಲಸ. ರೀಲಿನ ಸುತ್ತಳತೆ ಒಂದೂವರೆ ಗಜ. 80 ಸುತ್ತಿಗೆ 120 ಗಜ. ಅಂಥವು ಏಳು ಸೇರಿದರೆ 840 ಗಜ, ಅದೇ ಒಂದು ಲಡಿ. ಒಂದು ಪೌಂಡಿಗೆ ಎಷ್ಟು ಲಡಿ ಬರುತ್ತದೋ ಅದೇ ನೂಲಿನ ನಂಬರ್. ನಲವತ್ತರ ನೂಲು ಅಂದರೆ ಪೌಂಡಿಗೆ 40 ಲಡಿ, ಅಂದರೆ 33,600 ಗಜ, ಮೂವತ್ತು ಕಿಲೋಮೀಟರ್ ದಾಟುತ್ತದೆ. ಒಂದು ಪೌಂಡ್ ಹತ್ತಿ ದಾವಣಗೆರೆಯಿಂದ ಹರಿಹರಕ್ಕೆ ಹೋಗಿ ವಾಪಸ್ ಬರುವಷ್ಟು ಉದ್ದ ಆಗುತ್ತದೆ. ಶಾಲೆಯ ಮೆಟ್ಟಿಲು ಹತ್ತದ ನಮ್ಮವ್ವನಿಗೆ ಈ ಲೆಕ್ಕ ಬಾಯಲ್ಲೇ ಇತ್ತು. ಲಡಿ ನೂಲು ಕೈಮಗ್ಗದವರಿಗೆ ಹೋಗುತ್ತಿತ್ತು. ಯಾರದಾದರೂ ಮೈಮೇಲೆ ಮಗ್ಗದ ಸೀರೆ ಕಂಡರೆ ಅವ್ವ ಸೆರಗು ಹಿಡಿದು ನೋಡುತ್ತಿದ್ದಳು.

ಆ ಕೆಲಸದ ಕಷ್ಟವನ್ನೂ ಹೇಳಬೇಕು. ಧೂಳು ಎದೆಗೆ ಇಳಿಯುತ್ತಿತ್ತು. ವಾರದ ರಜೆ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನ ಉಸಿರು ಕಟ್ಟಿದ ಹಾಗೆ ಆಗುತ್ತಿತ್ತು, ಮರುದಿನ ಸ್ವಲ್ಪ ಹಗುರ. ಇದಕ್ಕೆ ಬಿಸಿನೋಸಿಸ್ ಅನ್ನುತ್ತಾರೆ ಅಂತ ನನಗೆ ಎಷ್ಟೋ ವರ್ಷದ ಮೇಲೆ ಡಾಕ್ಟರೊಬ್ಬರು ಹೇಳಿದರು. ನಮಗೆ ಗೊತ್ತಿದ್ದ ಔಷಧ ಬೆಲ್ಲ. ಪಾಳಿ ಮುಗಿದ ಮೇಲೆ ಒಂದು ಚೂರು ಬಾಯಿಗೆ ಹಾಕಿಕೊಳ್ಳುತ್ತಿದ್ದೆವು. ಅವ್ವ ಕೊನೆಯ ಹತ್ತು ವರ್ಷ ಕೂತೇ ನಿದ್ದೆ ಮಾಡಿದಳು.

ಕೂಲಿಗಾಗಿ, ಬೋನಸ್ಸಿಗಾಗಿ ಜಗಳ ಆಡಿಯೇ ಪಡೆಯಬೇಕಿತ್ತು. ಹಾಗಾಗಿ ಈ ಊರಿನಲ್ಲಿ ಕೆಂಬಾವುಟ ಬಲವಾಗಿತ್ತು. ಕಾರ್ಮಿಕ ನಾಯಕ ಪಂಪಾಪತಿಯವರನ್ನು ದಾವಣಗೆರೆ ಮೂರು ಸಲ, 1978, 1983, 1985ರಲ್ಲಿ, ಸಿಪಿಐನಿಂದ ವಿಧಾನಸಭೆಗೆ ಕಳಿಸಿತು. ನನ್ನ ಮೂರೂ ಓಟು ಅವರಿಗೇ ಬಿದ್ದದ್ದು. ಇವತ್ತಿನ ಹುಡುಗರಿಗೆ ಇದನ್ನು ಹೇಳಿದರೆ, ‘ಹೌದಾ, ನಮ್ಮೂರಲ್ಲಾ?’ ಅಂತ ಕೇಳುತ್ತಾರೆ.

ಎಲ್ಲಿ ಹೋದವು ಅಂದಿರಿ. ಒಂದೇ ಕಾರಣ ಇಲ್ಲ. ಯಂತ್ರ ಹಳೆಯವಾದವು, ಹೊಸದು ಹಾಕಲಿಲ್ಲ. ಪವರ್‌ಲೂಮ್ ಬಂತು, ಪಾಲಿಯೆಸ್ಟರ್ ಬಂತು, ಕಡಿಮೆ ರೇಟಿಗೆ ಬಟ್ಟೆ ಸಿಕ್ಕಿತು. ಇತ್ತ ಭದ್ರಾ ನಾಲೆ ಹರಿದ ಕಡೆ ರೈತರು ಭತ್ತಕ್ಕೆ ತಿರುಗಿದರು, ಆಮೇಲೆ ಒಣಭೂಮಿಗೆ ಮೆಕ್ಕೆಜೋಳ ಬಂತು. ಊರಿಗೆ ಕುಡಿಯಲು ಕೊಟ್ಟ ನೀರೇ ಸುತ್ತಲಿನ ಬೆಳೆಯನ್ನೂ ಬದಲಿಸಿತು. ನಮ್ಮ ಮಿಲ್ಲಿನ ಹೆಸರು ನಾನು ಬರೆಯುವುದಿಲ್ಲ. ಒಂದು ದಿನ ಬೆಳಗಿನ ಪಾಳಿಗೆ ಹೋದರೆ ಗೇಟಿಗೆ ಬೀಗ, ಪಕ್ಕದಲ್ಲಿ ಒಂದು ಹಾಳೆ ಅಂಟಿಸಿತ್ತು. ಅಷ್ಟೇ. ಬುತ್ತಿ ಕೈಯಲ್ಲಿ ಹಿಡಿದುಕೊಂಡು ಮಧ್ಯಾಹ್ನದವರೆಗೂ ಅಲ್ಲೇ ನಿಂತಿದ್ದೆವು. ಬರಬೇಕಾದ ದುಡ್ಡಿಗೆ ಒಂಬತ್ತು ವರ್ಷ ಓಡಾಡಿದೆ. ಸಿಕ್ಕಾಗ ಜೊತೆಗೆ ಓಡಾಡಿದವರಲ್ಲಿ ಎಷ್ಟೋ ಜನ ಉಳಿದಿರಲಿಲ್ಲ. ಈ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಊರು ಮಾತ್ರ ಬೇರೆ ದಾರಿ ಹಿಡಿಯಿತು. ಬಿಡಿಟಿ ಎಂಜಿನಿಯರಿಂಗ್ ಕಾಲೇಜು 1951ರಷ್ಟು ಹಳೆಯದು. 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ, 1965ರಲ್ಲಿ ಜೆಜೆಎಂ ಮೆಡಿಕಲ್ ಕಾಲೇಜು. ಮಿಲ್ಲಿಗೆ ದುಡಿಯಲು ಬರುವವರ ಊರು ಈಗ ಓದಲು ಬರುವವರ ಊರು. ತೋಳಹುಣಸೆಗೆ ಒಮ್ಮೆ ಹೋಗಿ ಬನ್ನಿ. ಅಲ್ಲಿದ್ದ ಯಲ್ಲಮ್ಮ ಕಾಟನ್ ಮಿಲ್ಲನ್ನು 1974ರ ಕಾಯ್ದೆಯಲ್ಲಿ ಸರ್ಕಾರ ವಹಿಸಿಕೊಂಡಿತ್ತು. ಅದೂ ಉಳಿಯಲಿಲ್ಲ. ಈಗ ತೋಳಹುಣಸೆ ಅಂದರೆ ಜನಕ್ಕೆ ನೆನಪಾಗುವುದು 2009ರಲ್ಲಿ ಶುರುವಾದ ದಾವಣಗೆರೆ ವಿಶ್ವವಿದ್ಯಾನಿಲಯ, ಶಿವಗಂಗೋತ್ರಿ.

ಆಟೋದವರು ‘ಡಿಸಿಎಂ’ ಅಂತ ಕೂಗಿದರೆ ಬೇಜಾರು ಮಾಡಿಕೊಳ್ಳಬೇಡಿ. ಅದು ದಾವಣಗೆರೆ ಕಾಟನ್ ಮಿಲ್ಸ್. ಇವತ್ತಿನ ಟೌನ್‌ಶಿಪ್, ರೈಲ್ವೆ ಕೆಳಸೇತುವೆ ಎಲ್ಲಕ್ಕೂ ಅದೇ ಹೆಸರು ಅಂಟಿಕೊಂಡಿದೆ. ಬಡಾವಣೆಗಳ ಹೆಸರು ಬದಲಿಸಬೇಕು ಅಂತ ಯಾರಾದರೂ ಅಂದಾಗ ನನಗೆ ನೋವಾಗುತ್ತದೆ. ಇಷ್ಟು ಸಾವಿರ ಜನ ದುಡಿದ ಜಾಗಕ್ಕೆ ಉಳಿದಿರುವ ಗುರುತು ಅದೊಂದೇ.

ಪ್ರಶ್ನೆ: ದಾವಣಗೆರೆ ಹೆಸರಿನಲ್ಲಿರುವ ಕೆರೆ ಯಾವುದು?
— ವಿನೋಬನಗರದ ವಿದ್ಯಾರ್ಥಿ

ಉತ್ತರ: ಹಿರಿಯರು ಹೇಳುವುದು ಎರಡು ಥರ. ಚಾಲುಕ್ಯರ ಕಾಲದಲ್ಲಿ ದಣಿದ ಕುದುರೆಗಳು ಇಲ್ಲಿ ನೀರು ಕುಡಿದವು, ‘ದಣಿವಿನ ಕೆರೆ’ ದಾವಣಗೆರೆ ಆಯಿತು ಅಂತ ಒಂದು. ಕುದುರೆ ಕಟ್ಟುವ ದಾವಣಿ ಹಗ್ಗದಿಂದ ಬಂತು ಅಂತ ಇನ್ನೊಂದು. ಎರಡರಲ್ಲೂ ಕುದುರೆ ಇದೆ, ಕೆರೆ ಇದೆ. ಬರಹದಲ್ಲಿ ಗಟ್ಟಿಯಾಗಿ ಸಿಗುವುದು ಇಷ್ಟು: ಹೈದರಾಲಿ ಈ ಊರನ್ನು ಅಪೋಜಿರಾಮ ಅನ್ನುವ ಮರಾಠ ಸರದಾರನಿಗೆ ಜಹಗೀರು ಕೊಟ್ಟ. ಅವನು ವ್ಯಾಪಾರಿಗಳನ್ನು ಕರೆಸಿ ನೆಲೆ ನಿಲ್ಲಿಸಿದ. ಆಗ ಊರಿನ ದೊಡ್ಡ ವ್ಯಾಪಾರ ಕಂಬಳಿ. ಕುರಿಯ ಉಣ್ಣೆಯಿಂದ ಹತ್ತಿಗೆ ಬಂದ ಊರು ನಮ್ಮದು.

ಪ್ರಶ್ನೆ: ಮಿಲ್ಲಿನ ಮಾತು ಬಂದಾಗ ದಾವಣಗೆರೆ ಒಂದನ್ನೇ ಹೇಳುತ್ತೀರಿ. ನಮ್ಮ ಹರಿಹರ ನೀರಿನ ದಂಡೆಯ ಕೈಗಾರಿಕೆ ಊರಲ್ವಾ? ನಮ್ಮ ದೊಡ್ಡಪ್ಪ ಕಿರ್ಲೋಸ್ಕರ್‌ನಲ್ಲಿದ್ದರು.
— ಹರಿಹರದ ಓದುಗರು

ಉತ್ತರ: ನಿಮ್ಮ ಮಾತು ನೂರಕ್ಕೆ ನೂರು ಸರಿ. ಮೈಸೂರು ಕಿರ್ಲೋಸ್ಕರ್ ಹರಿಹರದಲ್ಲಿ ಶುರುವಾದದ್ದು 1941ರಲ್ಲಿ. ಅವರು ಮಾಡುತ್ತಿದ್ದದ್ದು ಲೇತ್ ಮಷಿನ್, ಅಂದರೆ ಬೇರೆ ಮಷಿನ್‌ಗಳ ಭಾಗಗಳನ್ನು ಕಡೆಯುವ ಮಷಿನ್. ನಮ್ಮ ಮಿಲ್ಲಿನ ಫಿಟ್ಟರ್‌ಗಳು ಹರಿಹರದ ಲೇತ್ ಮುಂದೆ ನಿಂತಾಗ ಅವರ ನಿಲುವೇ ಬೇರೆ ಇರುತ್ತಿತ್ತು. ನಿಮ್ಮ ದೊಡ್ಡಪ್ಪನಂಥವರ ಕೈಯಿಂದ ಆದದ್ದು ಅದು. ಈ ಶತಮಾನದ ಶುರುವಿಗೆ ಆ ಕಾರ್ಖಾನೆಯೂ ನಿಂತುಹೋಯಿತು.

ಹೊಳೆಯ ಆಚೆ ದಂಡೆಯಲ್ಲಿ, ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ, 1972ರಲ್ಲಿ ಹರಿಹರ ಪಾಲಿಫೈಬರ್ಸ್ ಬಂತು. ನಾನು ಮಿಲ್ಲಿಗೆ ಸೇರಿದ ವರ್ಷವೇ. ಮರವನ್ನು ಬೇಯಿಸಿ ತಿರುಳು ಮಾಡಿ, ಅದರಿಂದ ರೇಯಾನ್ ನಾರು ಆಗುತ್ತದೆ. ಹತ್ತಿಯೊಂದೇ ನೂಲಾಗುತ್ತದೆ ಅಂತ ನಂಬಿದ್ದ ನಮ್ಮವ್ವನಿಗೆ ಇದನ್ನು ಹೇಳಿದಾಗ ಅವಳು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಮರದ ಎಳೆ ಕಡಿದರೆ ಕೂಡುತ್ತದೇನೋ?’ ಅಂತ ಕೇಳಿದಳು. ಕೂಡುತ್ತದೆ. ನಾನೇ ಹತ್ತಿಗೆ ಬೆರೆಸಿದ ಆ ನಾರಿನ ನೂಲು ತೆಗೆದಿದ್ದೇನೆ.

ಪ್ರಶ್ನೆ: ಮಂಡಕ್ಕಿ ಭಟ್ಟಿಗಳನ್ನು ಊರಿನಿಂದ ಆಚೆ ಹಾಕಬೇಕು ಅಂತ ಕೆಲವರು, ಬೇಡ ಅಂತ ಕೆಲವರು. ತಮ್ಮ ಅಭಿಪ್ರಾಯ ಏನು?
— ನಿಟ್ಟುವಳ್ಳಿಯ ಓದುಗರು

ಉತ್ತರ: ರಾತ್ರಿ ಪಾಳಿಯ ಹಸಿವಿಗೆ ನಮಗೆ ಸಿಗುತ್ತಿದ್ದದ್ದು ಖಾರ ಮಂಡಕ್ಕಿ, ಮಿರ್ಚಿ. ಕಡಿಮೆ ದುಡ್ಡಿಗೆ ಹೊಟ್ಟೆ ತುಂಬುತ್ತಿತ್ತು. ಬೆಣ್ಣೆ ದೋಸೆ ಬಟವಾಡೆ ದಿನಕ್ಕೆ ಮಾತ್ರ. ಹಾಗಾಗಿ ಭಟ್ಟಿಯವರ ಋಣ ನನ್ನ ಮೇಲಿದೆ.

ಭಟ್ಟಿಯ ಮುಂದೆ ಒಮ್ಮೆ ನಿಂತು ನೋಡಿ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಉಪ್ಪುನೀರು ಹಿಡಿಸುತ್ತಾರೆ. ಕೆಂಪಗೆ ಕಾದ ಬಾಣಲೆಯ ಮರಳಿಗೆ ಅಕ್ಕಿ ಬಿದ್ದ ಕ್ಷಣದಲ್ಲಿ ಅರಳುತ್ತದೆ. ಒಂದು ಉಸಿರು ತಡವಾದರೆ ಸೀದುಹೋಗುತ್ತದೆ. ಜರಡಿ ಹಿಡಿದ ಕೈಗೆ ಅದರ ಲೆಕ್ಕ ಗೊತ್ತಿರುತ್ತದೆ. ನಮ್ಮ ಎಳೆ ಕೂಡಿಸುವ ಕೆಲಸದ ಹಾಗೇ, ಪುಸ್ತಕದಿಂದ ಬರುವಂಥದ್ದಲ್ಲ.

ಆದರೆ ಹೊಗೆ ನಿಜ. ಭತ್ತದ ಹೊಟ್ಟು ಉರಿಸುವುದು ಬೇರೆ, ಹಳೇ ಟೈರು ಉರಿಸುವುದು ಬೇರೆ. ಎದೆ ಹಾಳಾದವರ ಮನೆಯಲ್ಲಿ ಬೆಳೆದ ನಾನು ಟೈರಿನ ಹೊಗೆಯನ್ನು ಒಪ್ಪುವುದಿಲ್ಲ. ಅದನ್ನು ಮೊದಲು ಕುಡಿಯುವವರು ಭಟ್ಟಿಯಲ್ಲಿ ಕೂತ ಹೆಣ್ಣುಮಕ್ಕಳು, ಅಲ್ಲೇ ಆಡುವ ಮಕ್ಕಳು. 2016ರಲ್ಲಿ ದಾವಣಗೆರೆ ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳಲ್ಲಿ ಬಂದಾಗ ಮಂಡಕ್ಕಿ ಭಟ್ಟಿ ಪ್ರದೇಶವೂ ಯೋಜನೆಯಲ್ಲಿತ್ತು. ನನ್ನ ಮಾತು ಇಷ್ಟೇ: ಒಲೆ ಬದಲಿಸಿ, ಉರುವಲು ಬದಲಿಸಿ, ಗಾಳಿಯಾಡುವ ಶೆಡ್ ಕೊಡಿ. ಎಲ್ಲಿಗೆ ಕಳಿಸಬೇಕು, ಹೇಗೆ ಕಳಿಸಬೇಕು ಅನ್ನುವುದನ್ನು ಅವರನ್ನು ಕೂರಿಸಿಕೊಂಡೇ ತೀರ್ಮಾನ ಮಾಡಿ. ನಮ್ಮನ್ನು ಯಾರೂ ಕೂರಿಸಿಕೊಂಡು ಕೇಳಲಿಲ್ಲ.

ಪ್ರಶ್ನೆ: ತೀರಿಹೋದ ನಮ್ಮ ತಾತನ ಟ್ರಂಕಿನಲ್ಲಿ ಒಂದು ಹಿತ್ತಾಳೆ ಬಿಲ್ಲೆ ಸಿಕ್ಕಿದೆ. ದುಂಡಗಿದೆ, ಮೇಲೆ ಒಂದು ತೂತು, ಮಧ್ಯದಲ್ಲಿ 268 ಅಂತ ಕೊರೆದಿದೆ. ಗುಜರಿಗೆ ಹಾಕೋಣ ಅಂತ ಅಣ್ಣ ಹೇಳುತ್ತಿದ್ದಾನೆ. ಏನಿದು?
— ಆಂಜನೇಯ ಮಿಲ್ ಬಡಾವಣೆಯ ಓದುಗರು

ಉತ್ತರ: ದಯವಿಟ್ಟು ಗುಜರಿಗೆ ಹಾಕಬೇಡಿ ತಾಯಿ. ಅದು ಹಾಜರಿ ಬಿಲ್ಲೆ. ನಮ್ಮ ಮಿಲ್ಲಿನಲ್ಲಿ ಹೀಗೆ ಇತ್ತು: ಗೇಟಿನ ಒಳಗೆ ಒಂದು ಹಲಗೆ, ಅದರ ತುಂಬ ಮೊಳೆ, ಮೊಳೆಗೊಂದು ನಂಬರ್. ಒಳಗೆ ಹೋಗುವಾಗ ನಮ್ಮ ಬಿಲ್ಲೆ ತೆಗೆದುಕೊಂಡು ಕಿಟಕಿಯಲ್ಲಿ ಕೊಡಬೇಕು, ಗುಮಾಸ್ತರು ಹಾಜರಿ ಹಾಕುತ್ತಾರೆ. ಸೈರನ್ ನಿಂತ ಮೇಲೆ ಹಲಗೆಯ ಮೇಲೆ ಬಿಲ್ಲೆ ಉಳಿದಿದ್ದರೆ ಆ ಮನುಷ್ಯ ಬಂದಿಲ್ಲ ಅಂತ. ಆಗ ಗೇಟಿನ ಹೊರಗೆ ಕಾಯುತ್ತಿದ್ದ ಬದಲಿಯವರಲ್ಲಿ ಒಬ್ಬರನ್ನು ಒಳಗೆ ಕರೆಯುತ್ತಿದ್ದರು. ನಾನು ಎರಡು ವರ್ಷ ಹಾಗೆ ಕಾದಿದ್ದೇನೆ. ಮೊಳೆಗಳ ಮೇಲೆ ಎಷ್ಟು ಬಿಲ್ಲೆ ಉಳಿದಿವೆ ಅಂತ ಗೇಟಿನ ಸಂದಿಯಿಂದ ಎಣಿಸುತ್ತಿದ್ದೆ. ನನಗೆ ಕೆಲಸ ಸಿಕ್ಕಿತು ಅಂದರೆ ಇನ್ಯಾರಿಗೋ ಜ್ವರ ಬಂದಿದೆ ಅಂತ ಅರ್ಥ. ಆ ಖುಷಿಗೆ ಮನಸ್ಸು ಚುಚ್ಚುತ್ತಿತ್ತು.

ಸ್ವಂತ ಬಿಲ್ಲೆ ಸಿಕ್ಕಿತು ಅಂದರೆ ಖಾಯಂ ಆದ ಹಾಗೆ. ಅವತ್ತು ಅವ್ವ ದುಗ್ಗಮ್ಮನ ಗುಡಿಗೆ ಹೋಗಿ ಕಾಯಿ ಒಡೆಸಿಕೊಂಡು ಬಂದಳು. ನನ್ನದು 417. ನಮ್ಮ ಮೇಲ್ವಿಚಾರಕರಾದ ಜಾಬರ್ ನನ್ನನ್ನು ಹೆಸರಿಗಿಂತ ಜಾಸ್ತಿ ಆ ನಂಬರಿನಿಂದಲೇ ಕರೆಯುತ್ತಿದ್ದರು.

ನಿಮ್ಮ ತಾತನ ಬಿಲ್ಲೆಯ ಅಂಚು ಮುಟ್ಟಿ ನೋಡಿ. ತೂತಿನ ಮೇಲಿನ ಬದಿ ತೆಳ್ಳಗೆ ಸವೆದಿರಬೇಕು. ಮೊಳೆಗೆ ಸಿಕ್ಕಿಸಿ, ತೆಗೆದು, ಸಿಕ್ಕಿಸಿ ಆದ ಸವೆತ ಅದು. ಹೆಚ್ಚು ಸವೆದಷ್ಟೂ ಹೆಚ್ಚು ವರ್ಷದ ಕೆಲಸ. ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಮಿಲ್ಲಿನ ಗುರುತು ಇದ್ದರೂ ಇರಬಹುದು. ಹುಣಸೆಹಣ್ಣು ಹಚ್ಚಿ ಮೆತ್ತಗೆ ಉಜ್ಜಿ, ಕಾಣುತ್ತದೆ. ಇಟ್ಟಿಗೆ ಪುಡಿ ಮಾತ್ರ ಹಾಕಬೇಡಿ, ಅಂಕಿ ಅಳಿಸುತ್ತದೆ.

ಓದಲು ಬರಲಿಲ್ಲ ಅಂದರೆ ಬಿಲ್ಲೆ ಹಿಡಿದುಕೊಂಡು ಒಂದು ಭಾನುವಾರ ಬೆಳಿಗ್ಗೆ ಏಳಕ್ಕೆ ಕುಂದುವಾಡ ಕೆರೆಗೆ ಬನ್ನಿ. ನಾವು ಹಳೇ ಮಿಲ್ಲಿನವರು ಐದಾರು ಜನ ಏರಿಯ ಮೇಲೆ ಕೂತಿರುತ್ತೇವೆ. ಬೇರೆ ಬೇರೆ ಮಿಲ್ಲಿನವರು ಇದ್ದೇವೆ. 268 ಯಾರು ಅಂತ ಒಬ್ಬರಿಗಾದರೂ ನೆನಪಿರುತ್ತದೆ.